ಎಡಿಟ್ ಮಾಡಿದ್ದಾ? ಹೌದು, ಮಾಡಿದ್ದೇ

ಸಿಖ್ ಪ್ರಚಾರಕರ ವೀಡಿಯೊ ವಾಟ್ಸಾಪಿನಲ್ಲಿ ಕಳಿಸಿ ‘ಎಡಿಟ್ ಮಾಡಿದ್ದಾ?’ ಅಂತ ಕೇಳುತ್ತೀರಲ್ಲ, ಮೊದಲು ಅದಕ್ಕೆ ಉತ್ತರ ಹೇಳಿಬಿಡುತ್ತೇನೆ. ಹೌದು, ಎಡಿಟ್ ಮಾಡಿದ್ದು. ನೀವು ಇವತ್ತು ಕಳಿಸಿದ್ದು, ನಿನ್ನೆ ಕಳಿಸಿದ್ದು, ಮುಂದಿನ ವಾರ ಕಳಿಸಲಿರುವುದು, ಎಲ್ಲವೂ. ನಿಮ್ಮ ಮದುವೆ ವೀಡಿಯೊ ಕೂಡ. ಅದನ್ನು ಎಡಿಟ್ ಮಾಡಿದ್ದು ನಾನೇ. ಊಟದ ಪಂಕ್ತಿಯಲ್ಲಿ ನಿಮ್ಮ ಸೋದರಮಾವ ತೆಗೆದ ಜಗಳ ಅದರಲ್ಲಿಲ್ಲ. ಆಗ ಯಾರೂ ‘ಇದು ಖರೇನಾ ಫೇಕಾ’ ಅಂತ ಕೇಳಲಿಲ್ಲ. ಎರಡು ಸಲ ಹಾಕಿಸಿ ನೋಡಿದಿರಿ.

ನನ್ನ ಪರಿಚಯ ಇಲ್ಲದವರಿಗೆ ಎರಡು ಮಾತು. ನಾನು ಬೀದರಿನವನು. ಗುರುನಾನಕ್ ಝಿರಾ ಗುರುದ್ವಾರದ ಹತ್ತಿರ ಬೆಳೆದೆ. ಸಿಖ್ ಹುಡುಗರ ಜೊತೆ ಕ್ರಿಕೆಟ್ ಆಡುತ್ತಾ ಪಂಜಾಬಿ ಕಲಿತೆ, ಬೈಗುಳ ಮೊದಲು, ವ್ಯಾಕರಣ ಆಮೇಲೆ. 2017ರಿಂದ 2020ರ ಲಾಕ್‌ಡೌನ್‌ವರೆಗೆ ಲುಧಿಯಾನಾದಲ್ಲಿ ಒಂದು ಸಣ್ಣ ಆನ್‌ಲೈನ್ ಚಾನೆಲ್ಲಿಗೆ ವೀಡಿಯೊ ಎಡಿಟಿಂಗ್ ಮಾಡಿದೆ. ಈಗ ಊರಲ್ಲಿ ಮದುವೆ, ಜಾವಳ, ಗೃಹಪ್ರವೇಶ. ಒಬ್ಬನಿಗೆ ಪಂಜಾಬಿಯೂ ಬಂದು ಎಡಿಟಿಂಗೂ ಬಂದರೆ ಏನಾಗುತ್ತದೆ ಅಂದರೆ, ಪೇಟ ಕಟ್ಟಿದ ಯಾರೇ ಮೈಕಿನ ಮುಂದೆ ಸಿಟ್ಟಿನಿಂದ ಮಾತಾಡಿದರೂ ಅದು ರಾತ್ರಿ ಹನ್ನೊಂದಕ್ಕೆ ಅವನ ವಾಟ್ಸಾಪಿಗೆ ಬಂದು ಬೀಳುತ್ತದೆ. ಕೆಳಗೆ ಒಂದೇ ಸಾಲು: ‘ಅಣ್ಣಾ, ಇವ ಏನಂತಾನ? ಖರೇನಾ ಫೇಕಾ?’

ನನಗೆ ಸಿಟ್ಟು ಬರುವುದು ಆ ‘ಖರೇನಾ ಫೇಕಾ’ದ ಮೇಲೆ. ‘ಫೇಕ್’ ಅಂದರೆ ನಿಮಗೆ ಸಮಾಧಾನ, ಮಲಗಿಬಿಡುತ್ತೀರಿ. ‘ಖರೇ’ ಅಂದರೆ ಇನ್ನೂ ಖುಷಿ, ನಲವತ್ತು ಜನಕ್ಕೆ ಕಳಿಸುತ್ತೀರಿ, ‘ಪಂಜಾಬಿ ಬರುವವರನ್ನೇ ಕೇಳಿದ್ದೇನೆ’ ಅಂತ ನನ್ನನ್ನೂ ಸಾಕ್ಷಿಗೆ ಎಳೆದು. ಇದರ ನಡುವೆ ಮೂರನೆಯದೊಂದು ಇರಬಹುದು ಅಂತ ಯಾರ ತಲೆಗೂ ಹೊಳೆಯುವುದಿಲ್ಲ.

ಶುದ್ಧ ಫೇಕ್ ಇಲ್ಲವೇ ಇಲ್ಲ ಅಂತಲ್ಲ. 2022ರ ಜನವರಿಯಲ್ಲಿ ಒಂದು ಬಂತು. ಸೈನ್ಯದಿಂದ ಸಿಖ್ಖರನ್ನು ತೆಗೆಯಬೇಕು ಅಂತ ಪ್ರಧಾನಿ ಮುಂದೆಯೇ ಸಭೆಯಲ್ಲಿ ಹೇಳುತ್ತಿದ್ದಾರೆ ಅನ್ನುವ ವೀಡಿಯೊ. ಚಿತ್ರ ನಿಜ. ಅದು ಜನರಲ್ ಬಿಪಿನ್ ರಾವತ್ ತೀರಿಕೊಂಡಾಗ, 2021ರ ಡಿಸೆಂಬರಿನಲ್ಲಿ ನಡೆದ ಭದ್ರತಾ ಸಮಿತಿಯ ಸಭೆ. ಧ್ವನಿ ಮಾತ್ರ ಬೇರೆ ಕಡೆಯದು, ತಂದು ಅಂಟಿಸಿದ್ದು. ಸರ್ಕಾರ ಸುಳ್ಳು ಅಂತ ಹೇಳಿತು, ದೆಹಲಿ ಪೊಲೀಸರು ಕೇಸು ಹಾಕಿದರು. ಇಂಥದ್ದನ್ನು ಹಿಡಿಯುವುದು ಸುಲಭ.

ಆದರೆ ಸಿಖ್ಖರ ಒಳಗಿನ ಜಗಳಕ್ಕೆ ಬೆಂಕಿ ಹಚ್ಚುವ ವೀಡಿಯೊಗಳು ಈ ಜಾತಿಯವಲ್ಲ. ಅವುಗಳಲ್ಲಿ ಸುಳ್ಳೇ ಇರುವುದಿಲ್ಲ. ಮುಖ ಅವರದೇ, ದನಿ ಅವರದೇ, ಪ್ರತಿಯೊಂದು ಶಬ್ದವೂ ಅವರದೇ. ಎಲ್ಲಿ ಶುರು, ಎಲ್ಲಿ ಕೊನೆ ಅನ್ನುವುದಷ್ಟೇ ಬೇರೆಯವರದು.

ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬಿನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಅದರಲ್ಲಿ ‘ಸಿದ್ಧ ಗೋಷ್ಠಿ’ ಅಂತ 73 ಪದ್ಯಗಳ ಒಂದು ರಚನೆ ಇದೆ. ಗುರುನಾನಕರಿಗೂ ನಾಥ ಸಿದ್ಧರಿಗೂ, ಅಂದರೆ ಗೋರಖನ ಪಂಥದ ಯೋಗಿಗಳಿಗೂ, ನಡೆದ ವಾದ. ಅಲ್ಲೊಂದು ಕಡೆ ಮಾತು ಹೀಗೆ ಬರುತ್ತದೆ: ಅಂಗಡಿ, ಬೀದಿ ಬಿಟ್ಟು ದೂರ ಇರುತ್ತೇವೆ, ಕಾಡಿನಲ್ಲಿ ಮರಗಿಡದ ನಡುವೆ ಇರುತ್ತೇವೆ, ಗೆಡ್ಡೆಗೆಣಸು ತಿನ್ನುತ್ತೇವೆ. ಓದಿದರೆ ಗುರುನಾನಕರು ಮನೆ ಬಿಟ್ಟು ಕಾಡಿಗೆ ಹೋಗಿ ಅನ್ನುತ್ತಿದ್ದಾರೆ ಅಂತಲೇ ಅನಿಸಬೇಕು. ಆಡಿದ್ದು ಯಾರು ಅನ್ನುವುದು ಪದ್ಯದ ಕೊನೆಗೆ ಬರುತ್ತದೆ: ಗೋರಖನ ಮಗ ಲೋಹಾರೀಪಾ. ಎದುರಾಳಿ! ಮುಂದಿನ ಪದ್ಯದಲ್ಲಿ ನಾನಕರ ಉತ್ತರ ಇದೆ. ಅಂಗಡಿ ಬೀದಿಯಲ್ಲೇ ಇರು, ಅಲ್ಲಿ ನಿದ್ದೆ ಹೋಗಬೇಡ, ಅಷ್ಟೇ. ಪೂರ್ತಿ ಉಲ್ಟಾ. ಈಗ ಕೊನೆಯ ಸಾಲು ಕತ್ತರಿಸಿ ನೋಡಿ. ಒಂದಕ್ಷರವೂ ಸುಳ್ಳಲ್ಲ, ಎಲ್ಲ ಗ್ರಂಥದಲ್ಲಿರುವುದೇ. (ಇದೇ ಗೋರಖ ನಮ್ಮ ಶೂನ್ಯಸಂಪಾದನೆಯಲ್ಲಿ ಅಲ್ಲಮನ ಎದುರಿಗೂ ಬರುತ್ತಾನೆ. ಪುಣ್ಯಕ್ಕೆ ಆಗ ಸ್ಟೇಟಸ್ ಇರಲಿಲ್ಲ. ಇದ್ದಿದ್ದರೆ ಗೋರಖನ ಮಾತೆಲ್ಲ ಅಲ್ಲಮನ ತಲೆಗೆ ಬರುತ್ತಿತ್ತು.)

ಗುರುದ್ವಾರಗಳಲ್ಲಿ ಕಥೆ ಹೇಳುವವರದೂ ಇದೇ ದಾರಿ. ಕಥಾವಾಚಕರು ಮೊದಲು ಶಂಕೆ ಎತ್ತುತ್ತಾರೆ. ನಂಬದವನ ದನಿಯಲ್ಲಿ, ಅವನ ವ್ಯಂಗ್ಯವನ್ನೂ ಸೇರಿಸಿ, ಜನ ನಗುವ ಹಾಗೆ. ಆಮೇಲೆ ಉತ್ತರ. ನಮ್ಮ ಹರಿಕಥೆ ದಾಸರು ಮಾಡುವುದೂ ಅದೇ. ತಾಳಮದ್ದಳೆಯಲ್ಲಿ ಕೌರವನ ಅರ್ಥ ಹೇಳುವವರ ಅರ್ಧ ನಿಮಿಷ ಕತ್ತರಿಸಿಕೊಂಡು ‘ನೋಡಿ, ಈ ಮನುಷ್ಯ ಕೃಷ್ಣನನ್ನು ಹೇಗೆ ಬೈತಿದಾನೆ’ ಅಂದರೆ ಹೇಗಿರುತ್ತದೋ ಹಾಗೆ.

‘ನೀವು ನೋಡಿದ ಕೂಡಲೇ ಕಟ್ ಗೊತ್ತಾಗುತ್ತಂತೆ’ ಅಂತ ಕೆಲವರು ಹೊಗಳುತ್ತಾರೆ. ಗೊತ್ತಾಗುತ್ತಿತ್ತು. ಗುರು ಗ್ರಂಥ ಸಾಹಿಬಿನ ಹಿಂದೆ ಒಬ್ಬರು ಕೂತು ಚೌರಿ, ಅಂದರೆ ಚಾಮರ, ಬೀಸುತ್ತಾ ಇರುತ್ತಾರೆ. ಎಡಕ್ಕೆ ಹೋಗುತ್ತಿದ್ದ ಚೌರಿ ಕಣ್ಣು ಮಿಟುಕಿಸುವುದರಲ್ಲಿ ಬಲಕ್ಕಿದ್ದರೆ, ಅಲ್ಲಿ ಕತ್ತರಿ ಬಿದ್ದಿದೆ. ಗೋಡೆ ಗಡಿಯಾರ ಕಂಡರೆ ಇನ್ನೂ ಒಳ್ಳೆಯದು. ನಡುವೆ ಸುಮ್ನೆ ಕೂತ ಜನರ ಚಿತ್ರ ಎರಡು ಸೆಕೆಂಡು ಬಂದು ಹೋದರೂ ಅನುಮಾನ ಪಡಬೇಕು. ನಾವು ಜೋಡಣೆ ಮುಚ್ಚುವುದೇ ಅದರಿಂದ. ಆದರೆ ಈಗೆಲ್ಲ ವೀಡಿಯೊ ಉದ್ದಕ್ಕೆ, ಮೊಬೈಲಿನ ಅಳತೆಗೆ. ಅಗಲದ ಚಿತ್ರವನ್ನು ಆ ಅಳತೆಗೆ ಕತ್ತರಿಸಿದರೆ ಉಳಿಯುವುದು ಮುಖ ಒಂದೇ. ಚೌರಿಯೂ ಹೋಯಿತು, ಗಡಿಯಾರವೂ ಹೋಯಿತು. ಕೆಳಗೆ ದಪ್ಪ ಅಕ್ಷರ, ಹಿಂದೆ ಡಮರು ಬಾರಿಸಿದ ಹಾಗೆ ಸಂಗೀತ. ಈಗ ನನ್ನ ಕಣ್ಣೂ ಅಷ್ಟಕ್ಕಷ್ಟೇ.

ಇನ್ನು ‘ನಿಮ್ಮ ಸರ್ದಾರ್ಜಿಗಳು ಇಷ್ಟಕ್ಕೆಲ್ಲ ಯಾಕೆ ಇಷ್ಟು ಕೆರಳುತ್ತಾರೆ?’ ಅನ್ನುವ ಪ್ರಶ್ನೆ. ನನ್ನ ಸರ್ದಾರ್ಜಿಗಳಲ್ಲ. ಮತ್ತು ‘ಇಷ್ಟಕ್ಕೆಲ್ಲ’ ಅಲ್ಲ. ಅಲ್ಲಿ ಗುರು ಅಂದರೆ ಗ್ರಂಥವೇ. 1430 ಪುಟ. ಪುಟ ಅನ್ನುವುದಿಲ್ಲ, ಅಂಗ ಅನ್ನುತ್ತಾರೆ, ಮೈಯ ಅಂಗ. ಏಳನೇ ಗುರು ಹರ್ ರಾಯ್ ಅವರ ದೊಡ್ಡ ಮಗ ರಾಮ್ ರಾಯ್ ಕಥೆಯನ್ನು ಅಲ್ಲಿ ಮಕ್ಕಳಿಗೂ ಹೇಳುತ್ತಾರೆ. ಔರಂಗಜೇಬನ ದರ್ಬಾರಿನಲ್ಲಿ ಪ್ರಶ್ನೆ ಬಂತಂತೆ: ನಿಮ್ಮ ಗುರುವಿನ ಪದ್ಯದಲ್ಲಿ ‘ಮಿಟ್ಟೀ ಮುಸಲ್ಮಾನ್ ಕೀ’ ಅಂತ ಇದೆಯಲ್ಲ, ಏನದು? ಹೂತವನ ಮಣ್ಣು ಕೊನೆಗೆ ಕುಂಬಾರನ ಕೈ ಸೇರಿ ಮಡಕೆ, ಇಟ್ಟಿಗೆಯಾಗಿ ಬೇಯುತ್ತದೆ ಅನ್ನುವ ಪದ್ಯ. ರಾಮ್ ರಾಯ್ ಹೆದರಿದನೋ ಓಲೈಸಿದನೋ, ಅದು ಬರೆದವರ ತಪ್ಪು, ‘ಬೇಇಮಾನ್ ಕೀ’ ಅಂತ ಇರಬೇಕು ಅಂದ. ಒಂದೇ ಶಬ್ದ. ಸುದ್ದಿ ತಿಳಿದ ತಂದೆ ಮತ್ತೆ ಅವನ ಮುಖ ನೋಡಲಿಲ್ಲ. ಗುರುಪೀಠ ಐದು ವರ್ಷದ ತಮ್ಮ ಹರ್ ಕಿಶನನಿಗೆ ಹೋಯಿತು. ಇದು 1661ರ ಮಾತು. ಒಂದು ಶಬ್ದ ಎಡಿಟ್ ಮಾಡಿದ್ದಕ್ಕೆ ಮಗನನ್ನೇ ಬಿಟ್ಟ ಮನೆತನ ಅದು. ಅಂಥವರ ಮುಂದೆ ಇವತ್ತು ದಿನಕ್ಕೆ ನೂರು ವೀಡಿಯೊ ಕತ್ತರಿಸಿ ಬಡಿಸಿದರೆ ಕೆರಳದೆ ಇನ್ನೇನು?

ಜಗಳಕ್ಕೆ ಕಾರಣಗಳೂ ಮೊದಲೇ ಇವೆ. ಹತ್ತನೇ ಗುರು ಗೋವಿಂದ ಸಿಂಗರ ಹೆಸರಿನಲ್ಲಿರುವ ದಸಮ್ ಗ್ರಂಥದಲ್ಲಿ ಎಷ್ಟು ಭಾಗ ನಿಜವಾಗಿ ಅವರದು, ಮಾಂಸ ತಿನ್ನಬಹುದಾ, ಯಾವ ಪಂಚಾಂಗ ಸರಿ. ಎರಡೂ ಕಡೆಯವರು ಎದುರಿನವರ ಬಾಯಿಂದ ಏನು ಜಾರುತ್ತದೆ ಅಂತ ಕಾಯುತ್ತಾ ಕೂತಿರುತ್ತಾರೆ. ರಣಜೀತ್ ಸಿಂಗ್ ಢಡ್ರಿಯಾಂವಾಲೆ ಅನ್ನುವ ಪ್ರಚಾರಕರ ಸುತ್ತ ನಡೆದದ್ದು ನಾನು ಅಲ್ಲಿದ್ದಾಗ ದಿನದ ಮಾತು. 2016ರ ಮೇ ತಿಂಗಳಲ್ಲಿ ಲುಧಿಯಾನಾದ ಹತ್ತಿರ ಅವರ ವಾಹನಗಳ ಮೇಲೆ ಗುಂಡು ಹಾರಿಸಿದರು. ದಾರಿಹೋಕರಿಗೆ ಸಿಹಿನೀರು ಕೊಡುವ ಅರವಟ್ಟಿಗೆ ಹಾಕಿ ಕಾದು ನಿಂತಿದ್ದರು. ಅವರ ಜೊತೆಗಾರರೊಬ್ಬರು ಸತ್ತರು. ಢಡ್ರಿಯಾಂವಾಲೆ ಹೇಳಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ, ಕೆಲವು ಮಾತು ಪೂರ್ತಿ ಕೇಳಿದರೂ ಚುಚ್ಚುತ್ತವೆ. 2020ರ ಆಗಸ್ಟ್‌ನಲ್ಲಿ ಅಕಾಲ್ ತಖ್ತ್, ಅಂದರೆ ಅಮೃತಸರದಲ್ಲಿರುವ ಸಿಖ್ಖರ ಧರ್ಮದ ಕೊನೆಯ ಕಟ್ಟೆ, ಅವರು ಕ್ಷಮೆ ಕೇಳುವ ತನಕ ಅವರ ದಿವಾನ್ (ಧಾರ್ಮಿಕ ಸಭೆ) ಇಡಬೇಡಿ, ಕೇಳಬೇಡಿ, ವೀಡಿಯೊ ಹಂಚಬೇಡಿ ಅಂದಿತು. 2025ರ ಮೇನಲ್ಲಿ ಅವರು ಅಲ್ಲಿಗೆ ಹೋಗಿ ಕ್ಷಮೆ ಕೇಳಿದರು. ಈ ಐದು ವರ್ಷ ನನಗೆ ಬಂದ ಅವರ ಕ್ಲಿಪ್‌ಗಳಲ್ಲಿ ಒಂದು ನಿಮಿಷ ದಾಟಿದ್ದು ಬೆರಳೆಣಿಕೆಯಷ್ಟು. ಪರ ಇದ್ದವರೂ ಅಷ್ಟೇ, ವಿರೋಧಿಗಳೂ ಅಷ್ಟೇ. ಕತ್ತರಿ ಎರಡೂ ಕಡೆ ಇತ್ತು.

ವೀಡಿಯೊ ತಾನೇ ಅನ್ನುವವರು ಕಪೂರ್‌ಥಲಾದ ನಿಜಾಮ್‌ಪುರ ನೆನಪಿಸಿಕೊಳ್ಳಲಿ. 2021ರ ಡಿಸೆಂಬರ್ 19, ಸ್ವರ್ಣಮಂದಿರದಲ್ಲಿ ಅಪಚಾರಕ್ಕೆ ಯತ್ನಿಸಿದ ಅಂತ ಒಬ್ಬನನ್ನು ಜನ ಹೊಡೆದು ಕೊಂದ ಮರುದಿನ. ಗುರುದ್ವಾರದಲ್ಲಿ ಸಿಕ್ಕ ಒಬ್ಬ ಬೇಅದ್ಬಿ ಮಾಡಿದ, ಅಂದರೆ ಗ್ರಂಥಕ್ಕೆ ಅಪಚಾರ ಮಾಡಿದ ಅಂತ ಮೊಬೈಲಿನಲ್ಲಿ ಸುದ್ದಿ ಹರಡಿತು. ಜನ ಸೇರಿ ಅವನನ್ನು ಕೊಂದರು. ಅಪಚಾರದ ಗುರುತೇ ಸಿಗಲಿಲ್ಲ ಅಂತ ಆಮೇಲೆ ಪೊಲೀಸರು ಹೇಳಿದರು.

ಸರಿ. ಇಷ್ಟು ವರ್ಷ ಇಷ್ಟು ಜನ ಇಷ್ಟು ಸಲ ಕೇಳಿದ್ದೀರಿ. ‘ಕಟ್ ಎಲ್ಲಿದೆ?’, ‘ಕತ್ತರಿಸಿದವನಿಗೆ ಎಷ್ಟು ದುಡ್ಡು ಸಿಗುತ್ತೆ?’, ‘ಇದರ ಹಿಂದೆ ಯಾವ ಪಾರ್ಟಿ?’ ನೀನು ಯಾವತ್ತಾದರೂ ಇಂಥದ್ದು ಮಾಡಿದ್ದೀಯಾ ಅಂತ ಒಬ್ಬರೂ ಕೇಳಲಿಲ್ಲ. ಎದುರಿಗೇ ಕೂತಿದ್ದೇನಲ್ಲ, ಕೇಳಬೇಕಿತ್ತು.

ಮಾಡಿದ್ದೇನೆ.

2019ರ ಚಳಿಗಾಲ. ಲುಧಿಯಾನಾ ಪಕ್ಕದ ಒಂದು ಹಳ್ಳಿ ಗುರುದ್ವಾರದಲ್ಲಿ ವಯಸ್ಸಾದ ಗ್ರಂಥಿಯೊಬ್ಬರ, ಅಂದರೆ ಅಲ್ಲಿ ಗ್ರಂಥ ಓದುವವರ, ಕಥೆ ಶೂಟ್ ಮಾಡಲಿಕ್ಕೆ ಹೋಗಿದ್ದೆ. ಹೋದ ಕೂಡಲೇ ಅವರು ‘ಆವೋ ಕಾಕಾ, ಮೊದಲು ಲಂಗರ್’ ಅಂದರು. ಲಂಗರ್ ಅಂದರೆ ಗುರುದ್ವಾರದ ಊಟ. ನಮ್ಮ ಕಡೆ ಕಾಕಾ ಅಂದರೆ ಚಿಕ್ಕಪ್ಪ. ಎಪ್ಪತ್ತರ ಮುದುಕರು ನನ್ನನ್ನು ಚಿಕ್ಕಪ್ಪ ಅಂತಾರಲ್ಲ ಅಂತ ಹಿಂದೆ ತಿರುಗಿ ನೋಡಿದೆ. ಅಲ್ಲಿ ಕಾಕಾ ಅಂದರೆ ಸಣ್ಣ ಹುಡುಗ. ಬೀದರಿನಲ್ಲಿ ಆಟದ ಗೆಳೆಯರಿಂದ ಕಲಿತ ಪಂಜಾಬಿಯಲ್ಲಿ ಆ ಶಬ್ದ ಬಂದಿರಲೇ ಇಲ್ಲ. ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬೇಕೆಂದೇ ‘ಕಾಕಾ ಜೀ’ ಅಂತ ಬಹುವಚನ ಹಚ್ಚಿ ಕರೆಯುತ್ತಿದ್ದರು.

ಕಥೆ 47 ನಿಮಿಷ. ನಡುವೆ ಅವರು ಕೆನಡಾದಿಂದ ಬಂದ ತಮ್ಮ ಸೋದರಳಿಯನ ದನಿ ತೆಗೆದರು. ‘ಬಾಬಾ ಜೀ, ನಸುಕಿಗೆ ಎದ್ದು ಪಾಠ (ಗುರುವಾಣಿ) ಓದಿದರೆ ಏನು ಸಿಗುತ್ತದೆ? ಓದದವನ ಹೊಲದಲ್ಲೂ ಗೋಧಿ ಬೆಳೆಯುತ್ತದಲ್ಲ.’ ಜನ ನಕ್ಕರು. ಗ್ಯಾನೀ ಜೀ (ಆ ಗ್ರಂಥಿಯನ್ನು ಕರೆಯುತ್ತಿದ್ದದ್ದು ಹಾಗೆ) ನಿಲ್ಲಿಸಿದರು, ಸ್ಟೀಲ್ ಲೋಟ ಎತ್ತಿ ನೀರು ಕುಡಿದರು. ನಾಲ್ಕು ಸೆಕೆಂಡು ಪೂರ್ತಿ ಮೌನ. ಆಮೇಲೆ ಹನ್ನೊಂದು ನಿಮಿಷ ಆ ಅಳಿಯನಿಗೆ ಉತ್ತರ ಕೊಟ್ಟರು. ಗೋಧಿ ಬೆಳೆಯಲಿಕ್ಕೆ ಓದುವುದಲ್ಲ, ಬೆಳೆದ ಗೋಧಿ ನನ್ನದು ಅನ್ನುವ ಸೊಕ್ಕು ಇಳಿಯಲಿಕ್ಕೆ ಓದುವುದು ಅಂತ ಶುರುಮಾಡಿ ಎಲ್ಲೆಲ್ಲಿಗೋ ಹೋದರು. ಚೆನ್ನಾಗಿತ್ತು.

ಆಗ ವಾಟ್ಸಾಪ್ ಸ್ಟೇಟಸ್ 30 ಸೆಕೆಂಡು. ಆಫೀಸಿನಲ್ಲಿ, ಪ್ರತಿ ಕಥೆಗೂ ಒಂದು ಸ್ಟೇಟಸ್ ಕ್ಲಿಪ್ ಬೇಕು, ಜನ ನಗುವಂಥದ್ದು ಅಂದರು. ನಾನು ಜನ ನಕ್ಕ ಜಾಗ ಹುಡುಕಿದೆ. ನೀರಿನ ನಾಲ್ಕು ಸೆಕೆಂಡಿನ ಮೌನ ಇತ್ತಲ್ಲ, ಅದಕ್ಕಿಂತ ಚೊಕ್ಕವಾದ ಕಟ್ ಎಲ್ಲಿ ಸಿಗುತ್ತದೆ? 28 ಸೆಕೆಂಡು. ಅಳಿಯನ ಹೆಸರು ಬರುವ ವಾಕ್ಯ ಸೇರಿಸಿದರೆ 34 ಆಗುತ್ತಿತ್ತು, ಅದಕ್ಕೆ ಬಿಟ್ಟೆ. ದ್ವೇಷ ಇಲ್ಲ, ಪಾರ್ಟಿ ಇಲ್ಲ, ದುಡ್ಡೂ ಇಲ್ಲ. ನಾಲ್ಕು ಸೆಕೆಂಡು ಜಾಸ್ತಿ ಆಗುತ್ತಿತ್ತು, ಅಷ್ಟೇ. ಮೇಲೆ ತಲೆಬರಹ ಹಾಕಿದ್ದು ನಾನಲ್ಲ. ‘ಪಾಠ ಓದಿ ಏನೂ ಸಿಗಲ್ಲ: ಗ್ರಂಥಿ’ ಅಂತ ಇತ್ತು. ನಾನು ನೋಡಿದೆ, ತೆಗೆಯಿರಿ ಅನ್ನಲಿಲ್ಲ. ಚಹಾ ಕುಡಿಯಲಿಕ್ಕೆ ಹೋದೆ.

ಮೂರು ದಿನಕ್ಕೆ ಎರಡು ಜೀಪು ತುಂಬ ಜನ ಆ ಹಳ್ಳಿಗೆ ಹೋದರು. ಗ್ಯಾನೀ ಜೀ, ತಾವು ಹೇಳದ ಮಾತಿಗೆ, ಸಂಗತ್ ಅಂದರೆ ಸೇರಿದ ಭಕ್ತರ ಮುಂದೆ ಕೈಮುಗಿದು ಕ್ಷಮೆ ಕೇಳಿದರು. ಅದರ ವೀಡಿಯೊವೂ ಬಂತು, ಅದು ಮೊದಲಿನದಕ್ಕಿಂತ ಜಾಸ್ತಿ ಓಡಿತು. ತಿಂಗಳಲ್ಲಿ ಕಮಿಟಿಯವರು ಬೇರೆ ಗ್ರಂಥಿಯನ್ನು ಇಟ್ಟುಕೊಂಡರು.

ಅದಕ್ಕೂ ಮುಂಚೆ ಗ್ಯಾನೀ ಜೀ ಒಂದು ಸಲ ಫೋನ್ ಮಾಡಿದ್ದರು. ಪೂರ್ತಿ ರೆಕಾರ್ಡಿಂಗ್ ಇದೆಯಾ, ಕಮಿಟಿಯವರಿಗೆ ತೋರಿಸಬೇಕು ಅಂದರು. ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟೆ. ಕಮಿಟಿಯವರು ಹತ್ತು ನಿಮಿಷ ನೋಡಿ, ಇಷ್ಟು ಉದ್ದ ಯಾರು ನೋಡ್ತಾರೆ ಅಂದರಂತೆ. ಅಳಿಯ ಬರುವುದು ಹತ್ತೊಂಬತ್ತನೇ ನಿಮಿಷಕ್ಕೆ.

ಅವರು ಬೈಯಲಿಲ್ಲ. ಶೂಟ್ ಮಾಡಿದ ಹುಡುಗ ನಾನು ಅಂತ ಅವರಿಗೆ ಗೊತ್ತು. ಕತ್ತರಿಸಿದ್ದು ಬೇರೆ ಯಾರೋ ಅಂದುಕೊಂಡಿದ್ದರು. ಫೋನ್ ಇಡುವ ಮುಂಚೆ, ‘ಕಾಕಾ ಜೀ, ನಾನು ಅಲ್ಲಿ ನೀರು ಕುಡಿಯಬಾರದಿತ್ತು, ಅಲ್ವಾ?’ ಅಂದರು.

ನಾನು ಇವತ್ತಿಗೂ ಅವರಿಗೆ ಹೇಳಿಲ್ಲ. ಇಲ್ಲಿ ಬರೆಯುವುದು ಸುಲಭ. ಅವರಿಗೆ ಕನ್ನಡ ಬರುವುದಿಲ್ಲ.