ಏಳಲಾರದ ಬೆಳಗು: ನಿದ್ದೆಯ ಸಾಲವೋ, ಆಲಸ್ಯವೋ?

ನಸುಕಿನಲ್ಲಿ ಅಲಾರಾಂ ಹೊಡೆದಾಗ ಮೈ ಏಳದಿದ್ದರೆ ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ: ಶಿಸ್ತಿಲ್ಲ, ಶ್ರದ್ಧೆ ಸಾಲದು. ಯೋಗಶಾಸ್ತ್ರ ಈ ವಿಷಯವನ್ನು ಇಷ್ಟು ಒರಟಾಗಿ ನೋಡಿಲ್ಲ. ಯೋಗಸೂತ್ರದ ಮೊದಲ ಭಾಗವಾದ ಸಮಾಧಿಪಾದದ 30ನೇ ಸೂತ್ರದಲ್ಲಿ ಪತಂಜಲಿ ಸಾಧನೆಗೆ ಅಡ್ಡಬರುವ ಒಂಬತ್ತು ಅಂತರಾಯಗಳನ್ನು ಹೆಸರಿಸುವಾಗ ವ್ಯಾಧಿ, ಸ್ತ್ಯಾನ, ಆಲಸ್ಯ ಈ ಮೂರನ್ನೂ ಬೇರೆ ಬೇರೆಯಾಗಿ ಎಣಿಸಿದ್ದಾನೆ. ವ್ಯಾಧಿ ದೇಹದ ಕಾಯಿಲೆ. ಸ್ತ್ಯಾನವೆಂದರೆ ಚಿತ್ತ ಮಂಕಾಗಿ ಕೆಲಸಕ್ಕೆ ಒದಗದಿರುವುದು. ದೇಹವೂ ಚಿತ್ತವೂ ಭಾರವಾಗಿ ಯಾವುದಕ್ಕೂ ತೊಡಗದಿರುವುದು ಆಲಸ್ಯ. ಈಗಿನ ದಿನಚರಿ ನೋಡಿದರೆ ಇವುಗಳ ಪಕ್ಕಕ್ಕೆ ನಿದ್ದೆಯ ಸಾಲವನ್ನೂ, ಅಂದರೆ ದಿನದಿನವೂ ಕೂಡುತ್ತ ಬಂದ ನಿದ್ದೆಯ ಕೊರತೆಯನ್ನೂ, ಇಡಬೇಕು. ಉತ್ಸಾಹದಿಂದ ಶುರುವಾದ ನಸುಕಿನ ಸಾಧನೆ ಎರಡು ಮೂರು ವಾರಕ್ಕೇ ನಿಲ್ಲುವುದು ಹೆಚ್ಚಾಗಿ ಈ ಸಾಲದಿಂದ.

ಯಾವುದು ಯಾವುದೆಂದು ಪತ್ತೆಹಚ್ಚಬಹುದು. ನಿದ್ದೆಯಿಂದ ಎದ್ದ ಮಿದುಳು ಪೂರ್ತಿ ಚುರುಕಾಗಲು ಸಾಮಾನ್ಯವಾಗಿ 15ರಿಂದ 30 ನಿಮಿಷ ಬೇಕು. ಮೈ ಆಡಿಸುತ್ತಿದ್ದಂತೆ ಅಷ್ಟರೊಳಗೆ ಭಾರ ಇಳಿದರೆ ಅದು ಬರೀ ಮಂಪರು, ಅದಕ್ಕೆ ಬೆಲೆ ಕೊಡಬೇಡಿ. ಮೈ ಹಗುರವಾಗಿದ್ದೂ ಚಾಪೆ ಹಾಸದೆ ಫೋನ್ ಹಿಡಿದು ಕೂತರೆ ಅದು ಆಲಸ್ಯ. ಕಣ್ಣು ಮುಚ್ಚಿದ ಎರಡೇ ನಿಮಿಷಕ್ಕೆ ತಲೆ ಜೋಲಿದರೆ, ರಜೆಯ ದಿನ ಎರಡು ಗಂಟೆ ಹೆಚ್ಚು ಮಲಗುವಂತಾದರೆ, ಅದು ಸಾಲ. ಸಂಕಲ್ಪದಿಂದ ಈ ಸಾಲ ತೀರುವುದಿಲ್ಲ, ನಿದ್ದೆಯಿಂದಲೇ ತೀರಬೇಕು. ಏಳೆಂಟು ಗಂಟೆ ಮಲಗಿಯೂ ವಾರಗಟ್ಟಲೆ ದಣಿವು ಹೋಗದಿದ್ದರೆ, ಅಥವಾ ಜೋರು ಗೊರಕೆಯಿದ್ದರೆ, ರಕ್ತಹೀನತೆ, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇವೆಯೇ ಎಂದು ವೈದ್ಯರಲ್ಲಿ ಪರೀಕ್ಷಿಸಿಕೊಳ್ಳಿ. ಅದು ವ್ಯಾಧಿಯ ಲೆಕ್ಕ, ಪ್ರಾಣಾಯಾಮಕ್ಕೆ ಬಿಟ್ಟುಕೊಡುವ ವಿಷಯವಲ್ಲ.

ಬ್ರಾಹ್ಮೀ ಮುಹೂರ್ತವೆಂದರೆ ನಾಲ್ಕು ಗಂಟೆ ಎಂದು ಹಲವರು ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ. ಅದು ಗಡಿಯಾರಕ್ಕೆ ಕಟ್ಟಿದ ಹೊತ್ತಲ್ಲ, ಸೂರ್ಯನಿಗೆ ಕಟ್ಟಿದ್ದು. ಮುಹೂರ್ತಕ್ಕೆ 48 ನಿಮಿಷ. ಸೂರ್ಯೋದಯಕ್ಕೆ 96 ನಿಮಿಷ ಇರುವಾಗ ಬ್ರಾಹ್ಮೀ ಮುಹೂರ್ತ ಶುರುವಾಗಿ 48 ನಿಮಿಷ ಇರುವಾಗ ಮುಗಿಯುತ್ತದೆ. 6:20ಕ್ಕೆ ಸೂರ್ಯ ಹುಟ್ಟುವ ದಿನ ಅದು 4:44ರಿಂದ 5:32. ಅಂದರೆ 4:45ಕ್ಕೆ ಎದ್ದರೂ ತಡವಾಗಿಲ್ಲ. ಏಳು ಗಂಟೆ ನಿದ್ದೆ ಬೇಕೆಂದರೆ 9:45ಕ್ಕೆ ನಿದ್ದೆ ಹತ್ತಿರಬೇಕು, ದೀಪ 9:25ಕ್ಕೆ ಆರಬೇಕು. ಕೆಲಸದಿಂದಲೋ ಪುಟ್ಟ ಮಗುವಿನಿಂದಲೋ ಅದು ಆಗದವರು 6 ಗಂಟೆಗೆ ಏಳಲಿ, ಆದರೆ ದಿನವೂ 6ಕ್ಕೇ ಏಳಲಿ. ಐದು ಗಂಟೆ ನಿದ್ದೆ ಮಾಡಿ ಮುಹೂರ್ತ ಹಿಡಿಯುವುದನ್ನು ನಾನು ಸಾಧನೆ ಎಂದು ಒಪ್ಪುವುದಿಲ್ಲ. ಅತಿಯಾಗಿ ನಿದ್ರಿಸುವವನಿಗೆ ಯೋಗವಿಲ್ಲ ಎನ್ನುವ ಗೀತೆಯ ಆರನೇ ಅಧ್ಯಾಯವೇ, ಅತಿಯಾಗಿ ಎಚ್ಚರವಿರುವವನಿಗೂ ಇಲ್ಲ ಎನ್ನುತ್ತದೆ. ಮುಂಜಾವಿನ ನಿದ್ದೆಯಲ್ಲಿ ಕನಸಿನ ಪಾಲು ಹೆಚ್ಚು. ಕೊನೆಯ ಒಂದೂವರೆ ಗಂಟೆ ಕತ್ತರಿಸಿದರೆ ಹೆಚ್ಚಾಗಿ ಹೋಗುವುದು ಅದೇ, ಅದರ ಫಲವಾಗಿ ಹಗಲಿನಲ್ಲಿ ಸಿಡುಕು.

ಏಳುವ ಹೊತ್ತನ್ನು ಒಮ್ಮೆಲೇ ಹಿಂದಕ್ಕೆ ಎಳೆಯಬೇಡಿ. ನಾಲ್ಕು ದಿನಕ್ಕೆ 15 ನಿಮಿಷದಂತೆ ಸರಿಸಿ, ಮಲಗುವ ಹೊತ್ತನ್ನೂ ಅಷ್ಟೇ ಸರಿಸಿ. 6:30ರಿಂದ 4:45ಕ್ಕೆ ಬರಲು ಏಳು ಹೆಜ್ಜೆ, 28 ದಿನ. ಭಾನುವಾರ ಎಂದು ಎರಡು ಗಂಟೆ ಹೆಚ್ಚು ಮಲಗಿದರೆ ಸೋಮವಾರ ಮತ್ತೆ ಮೊದಲಿನ ಸೆಣಸಾಟವೇ, ಏಕೆಂದರೆ ದೇಹದೊಳಗಿನ ಗಡಿಯಾರ ಹಿಂದೆ ಬಿದ್ದಿರುತ್ತದೆ. ರಾತ್ರಿಯ ಊಟ ಮಲಗುವುದಕ್ಕೆ ಮೂರು ಗಂಟೆ ಮುಂಚೆ ಮುಗಿಯಲಿ. ಸಂಜೆ 4ಕ್ಕೆ ಕುಡಿದ ಕಾಫಿಯ ಕೆಫೀನ್ ರಾತ್ರಿ 9ರಿಂದ 10ರ ಹೊತ್ತಿಗೆ ಅರ್ಧದಷ್ಟು ಇನ್ನೂ ರಕ್ತದಲ್ಲಿರುತ್ತದೆ. ಚಾಪೆ, ಕೂರುವ ದಿಂಬು, ಶಾಲು ರಾತ್ರಿಯೇ ಜೋಡಿಸಿಡಿ. ನಸುಕಿನ ಮಂಪರಿನಲ್ಲಿ ಹುಡುಕಬೇಕಾದ ಒಂದೊಂದು ವಸ್ತುವೂ ಹಾಸಿಗೆಗೆ ಮರಳಲು ಒಂದೊಂದು ನೆವ.

ಅಲಾರಾಂ ಕೈಗೆಟುಕದ ದೂರದಲ್ಲಿರಲಿ. ಐದು ನಿಮಿಷಕ್ಕೊಮ್ಮೆ ಹೊಡೆಸಿ ಆರಿಸುವ ಅಭ್ಯಾಸ ಬಿಡಿ. ಆ ತುಣುಕು ನಿದ್ದೆ ದಣಿವು ನೀಗುವುದಿಲ್ಲ. ಬಲಮಗ್ಗುಲಿಗೆ ಹೊರಳಿ, ಕೈಯೂರಿ ಎದ್ದು, ಅರ್ಧ ನಿಮಿಷ ಹಾಸಿಗೆಯ ಅಂಚಿನಲ್ಲಿ ಕೂತು ಆಮೇಲೆ ನಿಲ್ಲಿ. ತಟ್ಟನೆ ನಿಂತರೆ ರಕ್ತದೊತ್ತಡ ಇಳಿದು ತಲೆ ತಿರುಗಬಹುದು. ಮೊದಲು ದೀಪ ಹಾಕಿ, ಮಬ್ಬು ದೀಪವಲ್ಲ, ಕೋಣೆ ತುಂಬುವಂಥದ್ದು. ಶೌಚ, ಹಲ್ಲುಜ್ಜುವುದು, ಕಣ್ಣಿಗೆ ತಣ್ಣೀರು, ಒಂದು ಲೋಟ ನೀರು. ಇಷ್ಟಕ್ಕೆ ಹತ್ತು ನಿಮಿಷ ಸಾಕು. ಫೋನ್ ನೋಡಿದರೆ ಆ ಹತ್ತು ನಿಮಿಷ ನಲವತ್ತಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಮುಖ್ಯ. ರಾತ್ರಿಯಿಡೀ ಮಲಗಿದ್ದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಕೂಡಲೇ ಪೂರ್ತಿ ಮುಂದಕ್ಕೆ ಬಾಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಹಗಲಿಗಿಂತ ಬಹಳ ಹೆಚ್ಚು. ನಸುಕಿನ ಅಭ್ಯಾಸಿಗಳ ಸೊಂಟನೋವಿಗೆ ಇದೂ ಒಂದು ಕಾರಣ. ಪಶ್ಚಿಮೋತ್ತಾನಾಸನ, ಪಾದಹಸ್ತಾಸನಗಳನ್ನು ಮೊದಲ ಗಂಟೆಯಲ್ಲಿ ಆಳವಾಗಿ ಮಾಡಬೇಡಿ. ಕುತ್ತಿಗೆ, ಭುಜ, ಸೊಂಟ, ಮಂಡಿ, ಪಾದ ಹೀಗೆ ಕೀಲುಗಳನ್ನು ಐದು ನಿಮಿಷ ಆಡಿಸಿ. ಆಮೇಲೆ ಮಂಡಿ ಮಡಿಸಿಕೊಂಡೇ ಬಾಗುವ ನಾಲ್ಕು ನಿಧಾನ ಸೂರ್ಯನಮಸ್ಕಾರ, ತ್ರಿಕೋಣಾಸನ, ಭುಜಂಗಾಸನ. ಶವಾಸನ ಮೂರೇ ನಿಮಿಷ, ಮಂಡಿ ಮಡಿಸಿ ಪಾದ ನೆಲಕ್ಕೂರಿ. ಕಾಲು ಚಾಚಿದರೆ ನಿದ್ದೆ ಬರುವುದೇ ಹೆಚ್ಚು. ಮಂಡಿ ಮಡಿಸಿದ್ದರೆ ಜೋಂಪು ಹತ್ತುತ್ತಿದ್ದಂತೆ ಕಾಲು ಪಕ್ಕಕ್ಕೆ ವಾಲಿ ಎಚ್ಚರಿಸುತ್ತದೆ.

ಪ್ರಾಣಾಯಾಮದ ಕ್ರಮವೂ ದಣಿವಿಗೆ ತಕ್ಕಂತೆ ಬದಲಾಗಬೇಕು. ಉಸಿರು ಬಿಡುವುದನ್ನು ನೀಳವಾಗಿಸುವ ಅಭ್ಯಾಸಗಳು ನರಮಂಡಲವನ್ನು ತಣಿಸುತ್ತವೆ. ಮೊದಲೇ ಮಂಕಾಗಿರುವವರು ದುಂಬಿಯಂತೆ ಗುಂಯ್‌ಗುಡುತ್ತ ಉಸಿರು ಬಿಡುವ ಭ್ರಾಮರಿಯಿಂದ ಶುರುಮಾಡಿದರೆ ತೂಕಡಿಸುತ್ತಾರೆ. ಅಂಥ ದಿನ ಮೊದಲು ಕಪಾಲಭಾತಿ: 20 ಬಾರಿ ಹೊಟ್ಟೆ ಒಳಸೆಳೆದು ಉಸಿರು ಹೊರದೂಡಿ, ಅರ್ಧ ನಿಮಿಷ ಸಹಜ ಉಸಿರು, ಹೀಗೆ ಮೂರು ಸುತ್ತು. ಹೆಚ್ಚು ರಕ್ತದೊತ್ತಡ, ಹೃದ್ರೋಗ, ಹರ್ನಿಯಾ, ಗ್ಲಾಕೋಮಾ ಇರುವವರು, ಗರ್ಭಿಣಿಯರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು ಇದನ್ನು ಬಿಟ್ಟು ಬಿರುಸಾಗಿ ಐದು ನಿಮಿಷ ನಡೆಯಲಿ. ಆಮೇಲೆ ಕುಂಭಕವಿಲ್ಲದೆ, ಅಂದರೆ ಉಸಿರು ಹಿಡಿಯದೆ, ಒಂಬತ್ತು ಸುತ್ತು ನಾಡೀಶೋಧನ: ಮೂಗಿನ ಎಡ ಬಲ ಹೊಳ್ಳೆಗಳಲ್ಲಿ ಬದಲಿಸುತ್ತ ಉಸಿರಾಡುವುದು. ಒಳಕ್ಕೆ ನಾಲ್ಕು ಎಣಿಕೆ, ಹೊರಕ್ಕೆ ಆರು.

ಇಷ್ಟಾದರೂ ಧ್ಯಾನಕ್ಕೆ ಕೂತಾಗ ನಿದ್ದೆ ಮತ್ತೆ ಬರುತ್ತದೆ, ಮತ್ತು ಇಲ್ಲಿ ಅದು ಧ್ಯಾನದ ವೇಷ ಹಾಕಿಕೊಂಡು ಬರುತ್ತದೆ. ಹಿತವಾದ ಕತ್ತಲು, ಯೋಚನೆಯಿಲ್ಲ, ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಹೊಸಬರು ಇದನ್ನು ಶಾಂತಿ ಎಂದುಕೊಳ್ಳುತ್ತಾರೆ. ಗುರುತು ಸುಲಭ: ಗಲ್ಲ ಎದೆಗೆ ಇಳಿದಿರುತ್ತದೆ, ಬೆನ್ನು ಕುಸಿದಿರುತ್ತದೆ, ಜಪಮಾಲೆ ಹಿಡಿದಿದ್ದರೆ ಬೆರಳು ಅದೇ ಮಣಿಯ ಮೇಲೆ ನಿಂತಿರುತ್ತದೆ. ಎದ್ದ ಮೇಲೆ ಮನಸ್ಸು ತಿಳಿಯಾಗಿದ್ದರೆ ಅದು ಧ್ಯಾನ, ಮಬ್ಬಾಗಿದ್ದರೆ ತೂಕಡಿಕೆ.

ಮೊದಲು ಆಸನ ಸರಿಪಡಿಸಿ. ಸೊಂಟ ಮಂಡಿಗಿಂತ ಮೇಲಿರುವಂತೆ ನಾಲ್ಕರಿಂದ ಆರು ಅಂಗುಲದ ಗಟ್ಟಿ ದಿಂಬು ಬೇಕು. ಅದಿಲ್ಲದಿದ್ದರೆ ಬೆನ್ನು ಬಾಗುತ್ತದೆ, ಬಾಗಿದ ಬೆನ್ನಿನ ಜೊತೆಗೇ ಎಚ್ಚರವೂ ಜಾರುತ್ತದೆ. ಗೋಡೆಗೆ ಒರಗಬೇಡಿ. ಕಣ್ಣು ಅರ್ಧ ತೆರೆದು, ನೋಟ ಎರಡು ಮೂರು ಅಡಿ ಮುಂದಿನ ನೆಲದ ಮೇಲಿರಲಿ. ಜಪ ಮಾಡುವವರಿಗೆ ಇನ್ನೊಂದು ದಾರಿಯಿದೆ: ಮಾನಸಿಕ ಜಪ ಮಸುಕಾದಾಗ ತುಟಿಯಾಡುವ ಉಪಾಂಶುವಿಗೆ, ಅದೂ ಸಾಲದಿದ್ದರೆ ಕೇಳುವಂತೆ ಹೇಳುವ ವಾಚಿಕಕ್ಕೆ ಇಳಿಯಿರಿ. ಎಚ್ಚರ ಮರಳಿದ ಮೇಲೆ ಮತ್ತೆ ಮೇಲಕ್ಕೆ. ಮೂರು ಸಲ ತಲೆ ಜೋಲಿದರೆ ಎದ್ದು ನಿಂತೇ ಜಪ ಮುಗಿಸಿ. ನಲವತ್ತು ನಿಮಿಷದ ತೂಕಡಿಕೆಗಿಂತ ಹತ್ತು ನಿಮಿಷ ನಿಂತು ಎಚ್ಚರದಿಂದ ಮಾಡಿದ್ದು ಎಷ್ಟೋ ಮೇಲು.

ರಾತ್ರಿ ನಿದ್ದೆ ಕೆಟ್ಟ ದಿನಕ್ಕೆ 12 ನಿಮಿಷದ ಪಾಠ ಇಟ್ಟುಕೊಂಡಿರಿ: ಮೂರು ನಿಮಿಷ ಕೀಲುಗಳ ಚಲನೆ, ಮೂರು ನಿಮಿಷ ನಾಡೀಶೋಧನ, ಆರು ನಿಮಿಷ ಜಪ ಅಥವಾ ಧ್ಯಾನ. ನಿದ್ದೆ ಐದು ಗಂಟೆಗಿಂತ ಕಡಿಮೆಯಾಗಿದ್ದರೆ ಅಲಾರಾಂ ಒಂದು ಗಂಟೆ ಮುಂದಕ್ಕೆ ಹಾಕಿ ಮಲಗಿ, ಎದ್ದ ಮೇಲೆ ಇಷ್ಟನ್ನೇ ಮಾಡಿ. ಹಗಲಿನ ನಿದ್ದೆ ಬೇಕಾದರೆ ಮಧ್ಯಾಹ್ನ 3ರೊಳಗೆ, 20 ನಿಮಿಷ ಮೀರದಂತೆ. ಅಂದು ರಾತ್ರಿ ದೀಪ ಅರ್ಧ ಗಂಟೆ ಬೇಗ ಆರಲಿ.