ಕಿಟಕಿಗೆ ಒಂದು ತಂಬಿಗೆ ನೀರು

ಮಿರಗಕ್ಕೆ, ಅಂದರೆ ಜೂನ್ ಮೊದಲ ವಾರದ ಮೃಗಶಿರ ಮಳೆಗೆ, ಇನ್ನೂ ಒಂದು ತಿಂಗಳಿದೆ ಅನ್ನುವಾಗಲೇ ನಮಗೆ ಫೋನ್ ಬರೋಕೆ ಶುರು. "ಕಿಡಕಿ ಬದಲಿ ಮಾಡಬೇಕಾಗೇತ್ರಿ, ಸ್ಕ್ವೇರ್ ಫೂಟಿಗೆ ಏನ್ ರೇಟ್?" ಹೆಚ್ಚಿನವರ ಮೊದಲ ಮಾತು ಇದೇ. ನಾನೂ ಬಹಳ ವರ್ಷ ಥಟ್ಟನೆ ರೇಟ್ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. "ಆ ಕಿಡಕಿ ಯಾವ ದಿಕ್ಕಿಗೆ ಐತ್ರಿ? ಈಗಿಂದು ಏನು ತ್ರಾಸ ಕೊಡಾಕತ್ತೇತಿ?" ಅಂತ ನಾನೇ ತಿರುಗಿ ಕೇಳುತ್ತೇನೆ.

ಬೆಳಗಾವಿಯ ಉದ್ಯಮಬಾಗದ ಕಡೆ ನಮ್ಮದೊಂದು ಸಣ್ಣ ವರ್ಕ್‌ಶಾಪ್ ಇದೆ. ಅಲ್ಯೂಮಿನಿಯಂ ಮತ್ತು ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಮಾಡಿ ಮನೆಗಳಿಗೆ ಕೂರಿಸುತ್ತೇವೆ. ಅಳತೆ ತೆಗೆಯುವುದು ಇವತ್ತಿಗೂ ನಾನೇ. ಮೇಲಿನ ಎರಡು ಪ್ರಶ್ನೆ ಕೇಳೋದನ್ನು ನನಗೆ ಕಲಿಸಿದ್ದು ಟಿಳಕವಾಡಿಯ ಒಂದು ಮನೆ.

ಅಲ್ಲಿದ್ದವರು ನಿವೃತ್ತ ಮಾಸ್ತರರು, ಅವರ ಹೆಂಡತಿ. ಮನೆ ನಲವತ್ತು ವರ್ಷ ಹಳೆಯದು. ಸಾಗವಾನಿ ಕಿಟಕಿಗಳು, ಎರಡೆರಡು ಕದ, ಕಬ್ಬಿಣದ ಸರಳು. ಪ್ರತಿ ಕಿಟಕಿಯ ಮೇಲೂ ಒಂದೊಂದು ಸಣ್ಣ ವೆಂಟಿಲೇಟರ್. ಪಶ್ಚಿಮದ ಗೋಡೆಗೆ ಮೂರು ಕಿಟಕಿ. ಎರಡು ಪಡಸಾಲೆಯಲ್ಲಿ, ಒಂದು ಅಡುಗೆಮನೆಯಲ್ಲಿ. ಮಳೆಗಾಲ ಬಂದರೆ ಕದ ಉಬ್ಬಿ ಹಾಕೋಕೆ ಬರುತ್ತಿರಲಿಲ್ಲ. ಮಗ ಪುಣೆಯಿಂದ ದುಡ್ಡು ಕಳಿಸಿ, ಎಲ್ಲ ತೆಗೆಸಿ ಹೊಸದು ಹಾಕಿಸಿ ಅಂದಿದ್ದ. ನಾನು ಹೋಗಿ ಅಳತೆ ತೆಗೆದು, ಮೂರಕ್ಕೂ ಎರಡು ಟ್ರ್ಯಾಕಿನ ಅಲ್ಯೂಮಿನಿಯಂ ಸ್ಲೈಡಿಂಗ್, ಅಂದರೆ ಕದ ಪಕ್ಕಕ್ಕೆ ಸರಿಯುವ ಕಿಟಕಿ, ಬರೆದುಕೊಂಡು ಬಂದೆ. ಅರ್ಧ ಗಂಟೆಯ ಕೆಲಸ. ಮೇ ತಿಂಗಳಲ್ಲಿ ಕೂರಿಸಿದೆವು. ನೋಡೋಕೆ ಬಹಳ ಚೆಂದ ಕಾಣುತ್ತಿತ್ತು.

ಆರಿದ್ರಾ ಮಳೆ ಜಡಿ ಹಿಡಿದ ಮೂರನೇ ದಿನ ಫೋನ್ ಬಂತು.

ನಾನು ಹೋದಾಗ ಪಡಸಾಲೆಯ ಕಿಟಕಿ ಕೆಳಗೆ ಒಂದು ಹಳೇ ಇಳಕಲ್ ಸೀರೆ ಮಡಚಿ ಇಟ್ಟಿದ್ದರು. ಅದು ಪೂರ್ತಿ ತೊಯ್ದು ಕಲ್ಲಿನ ಹಾಗೆ ಭಾರವಾಗಿತ್ತು. ಕಿಟಕಿಯ ಕೆಳಗಿನ ಟ್ರ್ಯಾಕ್‌ನಲ್ಲಿ ನೀರು ಅಂಚಿನ ತನಕ ತುಂಬಿ, ಗಾಳಿ ಬೀಸಿದಾಗೆಲ್ಲ ಒಳಗೆ ಉಕ್ಕುತ್ತಿತ್ತು. ಅಮ್ಮ ಬೈಯಲಿಲ್ಲ. ಬೈದಿದ್ದರೆ ನನಗೇ ಸ್ವಲ್ಪ ಹಗುರ ಆಗುತ್ತಿತ್ತು. "ತಮ್ಮಾ, ಹಳೇ ಕಿಡಕಿ ಹಾಕಾಕ ಬರತಿರಲಿಲ್ಲ ಖರೆ. ಆದ್ರ ಇಷ್ಟ್ ನೀರ ಎಂದೂ ಒಳಗ ಬಂದಿರಲಿಲ್ಲ" ಅಂದರು.

ಛತ್ರಿ ಹಿಡಿದು ಹೊರಗೆ ಹೋಗಿ ನೋಡಿದೆ. ಸ್ಲೈಡಿಂಗ್ ಕಿಟಕಿಯ ಕೆಳಗಿನ ಚೌಕಟ್ಟಿಗೆ ಹೊರಗಡೆಯಿಂದ ಉಗುರಿನಷ್ಟು ಅಗಲದ ತೂತುಗಳಿರುತ್ತವೆ. ಟ್ರ್ಯಾಕಿಗೆ ಬಿದ್ದ ಮಳೆನೀರು ಹರಿದು ಹೋಗೋಕೆ ಇರುವ ದಾರಿ ಅದು. ನಮ್ಮ ಮೂರೂ ಕಿಟಕಿಗಳಲ್ಲಿ ಆ ತೂತುಗಳ ಮೇಲೆ ಸಂದಿ ಮುಚ್ಚುವ ಸಿಲಿಕಾನ್ ಅಂಟಿನ ಗೆರೆ ಎಳೆದಿತ್ತು. ಒಂದೇ ಅಗಲ, ಎಲ್ಲೂ ಸೊಟ್ಟ ಇಲ್ಲ. ನಮ್ಮ ಹುಡುಗ ಎಷ್ಟು ಮನಸ್ಸಿಟ್ಟು ಮಾಡಿದ್ದ ಅಂತ ನೋಡಿದರೇ ಗೊತ್ತಾಗುತ್ತಿತ್ತು. ತಪ್ಪು ಅವನದ್ದಲ್ಲ. ಕಿಟಕಿ ಕೂರಿಸಿದ ದಿನ ಬೆಳಿಗ್ಗೆ ಅವನನ್ನು ಬಿಟ್ಟು ಬರುವಾಗ, "ಮಳಿ ಕಡೆ ಗ್ವಾಡಿ ಐತಿ, ಒಂದೂ ಸಂದಿ ಬಿಡಬ್ಯಾಡ" ಅಂತ ಹೇಳಿದ್ದು ನಾನು. ತೂತು ಯಾಕಿದೆ ಅಂತ ಅವನಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಕಟರ್ ಬ್ಲೇಡಿನಿಂದ ಸಿಲಿಕಾನ್ ಕೊಯ್ದೆ. ನೀರು ನನ್ನ ಕೈಮೇಲೆ ಚಿಮ್ಮಿತು. ಎರಡು ನಿಮಿಷದಲ್ಲಿ ಟ್ರ್ಯಾಕ್ ಖಾಲಿ.

ಸ್ಲೈಡಿಂಗ್ ಕಿಟಕಿ ನೀರನ್ನು ಪೂರ್ತಿ ತಡೆಯುವುದಿಲ್ಲ. ಕದ ಸರಿಯಬೇಕಲ್ಲ, ಹಾಗಾಗಿ ಅಂಚಿಗೆ ಬರೀ ಬ್ರಷ್ ಪಟ್ಟಿ ಇರುತ್ತದೆ. ಜೋರು ಗಾಳಿಮಳೆಗೆ ನೀರು ಟ್ರ್ಯಾಕಿಗೆ ಬಂದೇ ಬರುತ್ತದೆ. ಬಂದದ್ದು ಹೊರಗೆ ಹೋಗಬೇಕು, ಅಷ್ಟೇ. ಹೊರಕ್ಕೆ ತೆರೆಯುವ ಕದಕ್ಕೆ ಸುತ್ತ ರಬ್ಬರ್ ಗ್ಯಾಸ್ಕೆಟ್ ಇರುತ್ತದೆ. ಹಿಡಿಕೆ ತಿರುಗಿಸಿದಾಗ ಅದು ಒತ್ತಿ ಕೂರುತ್ತದೆ. ನೈಋತ್ಯದಿಂದ ಮಳೆ ಹೊಡೆಯುವ ಬೆಳಗಾವಿ, ಖಾನಾಪುರ, ಜಾಂಬೋಟಿ ಕಡೆ ಪಶ್ಚಿಮ ಮತ್ತು ದಕ್ಷಿಣದ ಗೋಡೆಗೆ ನಾನು ಈಗ ಇದನ್ನೇ ಹೇಳುತ್ತೇನೆ.

ಆದರೆ ಆ ದಿನ ಟ್ರ್ಯಾಕ್ ಖಾಲಿ ಆದಮೇಲೂ ಒಂದು ಮೂಲೆಯಲ್ಲಿ ಗೋಡೆ ಒಸರುತ್ತಿತ್ತು. ಕಿಟಕಿ ಕೆಳಗಿನ ಕಡಪಾ ಕಲ್ಲಿನ ಮೇಲೆ ಮಟ್ಟ ನೋಡುವ ಲೆವೆಲ್ ಇಟ್ಟೆ. ಗುಳ್ಳೆ ಹೊರಗಿನ ಕಡೆ ಓಡಿತು. ಹೊರಗೆ ಎತ್ತರ, ಒಳಗೆ ತಗ್ಗು. ಹಳೇ ಚೌಕಟ್ಟು ಕಿತ್ತಮೇಲೆ ಗೌಂಡಿ ಕಲ್ಲು ಕೂರಿಸುವಾಗ ನಾನು ನಿಂತು ನೋಡಿರಲಿಲ್ಲ.

ಹಿತ್ತಲಲ್ಲಿ ಹಳೇ ಕಿಟಕಿಗಳು ಇನ್ನೂ ಗೋಡೆಗೆ ಒರಗಿಕೊಂಡಿದ್ದವು. ಯಾಕೋ ಒಂದನ್ನು ತಿರುಗಿಸಿ ನೋಡಿದೆ. ಕೆಳಗಿನ ಅಡ್ಡ ಕಟ್ಟಿಗೆಗೆ ಆ ಬಡಿಗೇರರು ಹೊರಮುಖವಾಗಿ ಇಳಿಜಾರು ಕೊಟ್ಟಿದ್ದರು. ಅದರ ತಳದಲ್ಲಿ ಉದ್ದಕ್ಕೂ ಒಂದು ಗೀರು, ಕಿರುಬೆರಳು ಕೂರುವಷ್ಟು. ಹರಿದು ಬಂದ ನೀರು ಅಂಚು ದಾಟಿ ಗೋಡೆಗೆ ತಿರುಗದೆ, ಆ ಗೀರಿನ ಹತ್ತಿರವೇ ಹನಿಯಾಗಿ ಕೆಳಗೆ ಬೀಳಲಿ ಅಂತ. ಇಷ್ಟು ವರ್ಷ ಆ ಗೋಡೆ ಒಣಗಿ ಇದ್ದದ್ದು ಈ ಗೀರಿನಿಂದ. ನಾನು ಅದನ್ನು ನೋಡದೆಯೇ ಕಿತ್ತಿದ್ದೆ. ನನಗೆ ನಿಜಕ್ಕೂ ನಾಚಿಕೆ ಆಯಿತು.

ಅಡುಗೆಮನೆಯಲ್ಲಿ ಇನ್ನೊಂದು ಸಮಸ್ಯೆ ಕಾದಿತ್ತು. ಹಳೇ ಕದ ಎರಡೂ ತೆರೆದರೆ ಪೂರ್ತಿ ಕಿಟಕಿ ಖಾಲಿ, ಮೇಲೆ ವೆಂಟಿಲೇಟರ್ ಬೇರೆ. ಎರಡು ಟ್ರ್ಯಾಕಿನ ಸ್ಲೈಡಿಂಗ್ ಅರ್ಧ ಮಾತ್ರ ತೆರೆಯುತ್ತದೆ. ಸೊಳ್ಳೆ ಜಾಲರಿಗೆ ಮೂರನೇ ಟ್ರ್ಯಾಕ್ ಹಾಕಿದರೂ ಗಾಳಿ ಬರುವ ಜಾಗ ಅರ್ಧವೇ. ವೆಂಟಿಲೇಟರನ್ನು ನಾನು ಗಾಜು ಹಾಕಿ ಮುಚ್ಚಿಬಿಟ್ಟಿದ್ದೆ. "ಒಗ್ಗರಣಿ ಹಾಕಿದ್ರ ಘಾಟು ಹೊರಗ ಹೋಗವಲ್ದು ತಮ್ಮಾ" ಅಂದರು ಅಮ್ಮ.

ಮಳೆ ಬಿಡುವು ಕೊಟ್ಟಾಗ ಮೂರೂ ಕಲ್ಲು ಎಬ್ಬಿಸಿ, ಹೊರಕ್ಕೆ ಇಳಿಜಾರು ಕೊಟ್ಟು ಕೂರಿಸಿದೆವು. ಕಲ್ಲನ್ನು ಗೋಡೆಯಿಂದ ಎರಡು ಇಂಚು ಹೊರಗೆ ಚಾಚಿ, ತಳಕ್ಕೆ ಗ್ರೈಂಡರಿನಿಂದ ಆ ಬಡಿಗೇರರ ಹಾಗೆಯೇ ಗೀರು ಹೊಡೆಸಿದೆ. ಅಡುಗೆಮನೆಗೆ ತೆರೆಯುವ ಕದ, ಮೇಲೆ ಹೊರಕ್ಕೆ ತಳ್ಳುವ ವೆಂಟಿಲೇಟರ್. ಎಲ್ಲ ನನ್ನ ಖರ್ಚಿನಲ್ಲಿ. ಮಾಸ್ತರರು ಅರ್ಧ ಕೊಡುತ್ತೇನೆ ಅಂದರು, ನಾನು ತೆಗೆದುಕೊಳ್ಳಲಿಲ್ಲ. ಹಳೇ ಕಿಟಕಿಯ ಆ ಕೆಳಗಿನ ಕಟ್ಟಿಗೆಯನ್ನು ಮಾತ್ರ ಕೇಳಿ ತಂದೆ. ಈಗ ಅದು ನಮ್ಮ ವರ್ಕ್‌ಶಾಪಿನಲ್ಲಿದೆ. ಹೊಸ ಹುಡುಗ ಸೇರಿದರೆ ಮೊದಲು ಅದನ್ನು ಕೈಗೆ ಕೊಟ್ಟು ಆ ಗೀರು ಮುಟ್ಟಿಸುತ್ತೇನೆ.

ಅಲ್ಲಿಂದ ಈಚೆಗೆ ನನ್ನ ಕೆಲಸದ ರೀತಿಯೇ ಬದಲಾಯಿತು. ಮೊದಲು ನೋಡುವುದು, ಹಳೇ ಕಿಟಕಿಯನ್ನು ತೆಗೆಯಲೇಬೇಕಾ ಅಂತ. ಚೌಕಟ್ಟಿನ ಕೆಳಗಿನ ಮೂಲೆಗಳಿಗೆ ಸ್ಕ್ರೂಡ್ರೈವರ್ ಒತ್ತುತ್ತೇನೆ. ಗೆದ್ದಲು ತಿಂದಿದ್ದರೆ, ಕೊಳೆತಿದ್ದರೆ ಅದು ಸಲೀಸಾಗಿ ಒಳಗೆ ಹೋಗುತ್ತದೆ. ಗಟ್ಟಿ ಇದ್ದರೆ ಆ ಸಾಗವಾನಿಗೆ ಇನ್ನೂ ಆಯುಷ್ಯ ಇದೆ. ಕದ ಉಬ್ಬುವುದಕ್ಕೆ ಹೆಚ್ಚಿನ ಸಲ ಒಂದೇ ಕಾರಣ. ಕದದ ಮುಂದೆ ಹಿಂದೆ ಬಣ್ಣ ಹೊಡೆದಿರುತ್ತಾರೆ, ಮೇಲಿನ ಮತ್ತು ಕೆಳಗಿನ ಅಂಚು ಹಾಗೇ ಬಿಟ್ಟಿರುತ್ತಾರೆ. ನೀರು ಕುಡಿಯುವುದು ಅಲ್ಲಿಂದ. ಉಬ್ಬಿದಾಗ ಮಳೆಗಾಲದಲ್ಲೇ ರಂದಾ ಹೊಡೆಸಿದರೆ ಬೇಸಿಗೆಗೆ ದೊಡ್ಡ ಸಂದಿ ಬೀಳುತ್ತದೆ. ಕಟ್ಟಿಗೆ ಒಣಗಿದ ಮೇಲೆ ಕದ ಬಿಚ್ಚಿ, ಎಷ್ಟು ಬೇಕೋ ಅಷ್ಟೇ ಉಜ್ಜಿಸಿ, ಆರೂ ಕಡೆ ಬಣ್ಣ ಮಾಡಿಸಿ. ಈ ಮಾತು ಹೇಳಿ ನಾನು ಕೆಲವು ಆರ್ಡರ್ ಬಿಟ್ಟಿದ್ದೇನೆ. ಟಿಳಕವಾಡಿಯ ಮನೆಗೂ ಇದನ್ನೇ ಹೇಳಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಬೆಳಗಾವಿಗೆ ಸರಿ ಹೋದದ್ದು ಎಲ್ಲ ಕಡೆ ಸರಿ ಹೋಗುವುದೂ ಇಲ್ಲ. ನಮ್ಮ ಅಕ್ಕನ ಮನೆ ವಿಜಯಪುರದಲ್ಲಿ. ಅಲ್ಲಿ ಮಳೆಗಿಂತ ಬಿಸಿಲು, ಧೂಳಿನದ್ದೇ ತ್ರಾಸ. ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟುತ್ತದೆ. ಡಬಲ್ ಗ್ಲಾಸ್ ಹಾಕಿಸಿದರೆ ಮನೆ ತಂಪಾಗುತ್ತದೆ ಅಂತ ಭಾವನಿಗೆ ಯಾರೋ ಹೇಳಿದ್ದರು. ಎರಡು ಗಾಜು, ನಡುವೆ 12 ಮಿಲಿಮೀಟರ್ ಜಾಗ. ಆ ಜಾಗದಿಂದಾಗಿ ಹೊರಗಿನ ಬಿಸಿ ಗಾಳಿಯ ಕಾವು ಒಳಗೆ ದಾಟೋದು ಕಡಿಮೆ ಆಗುತ್ತದೆ, ಅದು ನಿಜ. ಆದರೆ ಗಾಜಿನ ಮೇಲೆ ನೇರ ಬೀಳುವ ಬಿಸಿಲು ಇದೆಯಲ್ಲ, ಅದು ಸಾದಾ ಬಿಳಿ ಗಾಜು ಎರಡಿದ್ದರೂ ಬಹುಪಾಲು ಒಳಗೆ ಬಂದೇ ಬರುತ್ತದೆ. ಅದನ್ನು ಕಿಟಕಿಯ ಹೊರಗೇ ತಡೆಯಬೇಕು. ಮಧ್ಯಾಹ್ನದ ಬಿಸಿಲಿಗೆ ಛಜ್ಜಾ ಸಾಕು. ಸಂಜೆಯ ಪಶ್ಚಿಮದ ಬಿಸಿಲು ಓರೆಯಾಗಿ ಛಜ್ಜಾದ ಕೆಳಗಿಂದ ನುಗ್ಗುತ್ತದೆ. ಅದಕ್ಕೆ ಹೊರಗಡೆ ಬಿದಿರಿನ ಪರದೆಯೋ, ಕಟ್ಟಿಗೆಯ ಕದವೋ ಬೇಕು.

ಭಾವ ಕೊನೆಗೆ ಸಿಂಗಲ್ ಗಾಜಿನ, ಪೂರ್ತಿ ತೆರೆಯುವ ಯುಪಿವಿಸಿ ಕಿಟಕಿ ಹಾಕಿಸಿ, ಉಳಿದ ದುಡ್ಡಿನಲ್ಲಿ ಪಶ್ಚಿಮಕ್ಕೆ ಪರದೆ ಕಟ್ಟಿಸಿದರು. ರಾತ್ರಿ ಕಿಟಕಿ ಪೂರ್ತಿ ತೆಗೆದಿಟ್ಟರೆ ಹಗಲಿನ ಕಾವು ಹೊರಗೆ ಹೋಗುತ್ತದೆ. ರಬ್ಬರ್ ಗ್ಯಾಸ್ಕೆಟ್ ಇರುವುದರಿಂದ ಧೂಳೂ ಕಡಿಮೆ. ದಿನವೆಲ್ಲ ಎಸಿ ಓಡುವ ಮನೆ ಇದ್ದರೆ, ಇಲ್ಲವೇ ಲಾರಿ ಓಡಾಡುವ ರಸ್ತೆಗೆ ಮನೆ ಇದ್ದರೆ ಡಬಲ್ ಗ್ಲಾಸಿಗೆ ಕೊಟ್ಟ ದುಡ್ಡು ದಂಡವಲ್ಲ.

ಯುಪಿವಿಸಿ ಬಗ್ಗೆ ಒಂದು ಮಾತು ಗೌಂಡಿಗಳಿಗೂ ಗೊತ್ತಿರಬೇಕು. ಅದು ಬಿಸಿಲಿಗೆ ಹಿಗ್ಗುತ್ತದೆ. 2 ಮೀಟರ್ ಉದ್ದದ ಚೌಕಟ್ಟಿನ ಪಟ್ಟಿಯ ಕಾವು 40 ಡಿಗ್ರಿ ಏರಿದರೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತದೆ. ಅಲ್ಯೂಮಿನಿಯಂ ಅದರ ಅರ್ಧವೂ ಹಿಗ್ಗುವುದಿಲ್ಲ. ಹಾಗಾಗಿ ಚೌಕಟ್ಟು ಮತ್ತು ಗೋಡೆಯ ನಡುವೆ ಸುತ್ತಲೂ ಸ್ವಲ್ಪ ಜಾಗ ಬಿಟ್ಟು, ಫೋಮ್ ತುಂಬಿ, ಮೇಲೆ ಸಿಲಿಕಾನ್ ಹಚ್ಚಬೇಕು. ಸಿಮೆಂಟ್ ಗಿಡಿದು ಬಿಗಿ ಮಾಡಿದರೆ ಚೌಕಟ್ಟು ಬಾಗುತ್ತದೆ, ಆಮೇಲೆ ಕದ ತಿಕ್ಕುತ್ತದೆ. ಕಪ್ಪು, ಕಂದು ಬಣ್ಣದ್ದು ಇನ್ನೂ ಜಾಸ್ತಿ ಕಾಯುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯವರು ಬಿಸಿಲಿನ ಗೋಡೆಗೆ ಬಿಳಿಯದ್ದನ್ನೇ ಆರಿಸಿಕೊಳ್ಳಿ.

ಇನ್ನು ರೇಟ್. ಇಬ್ಬರು ಬೇರೆ ಬೇರೆ ರೇಟ್ ಕೊಟ್ಟರೆ ಇಬ್ಬರೂ ಒಂದೇ ಕಿಟಕಿಗೆ ಕೊಟ್ಟಿದ್ದಾರಾ ಅಂತ ಮೊದಲು ನೋಡಿ. ಅಲ್ಯೂಮಿನಿಯಂ ಸೆಕ್ಷನ್ ಎಷ್ಟು ದಪ್ಪ, ಗಾಜು ಎಷ್ಟು ಮಿಲಿಮೀಟರ್, ಜಾಲರಿ, ಲಾಕ್, ಹಳೇದು ಕಿತ್ತು ಪ್ಲಾಸ್ಟರ್ ಮಾಡುವ ಖರ್ಚು, ಜಿಎಸ್‌ಟಿ ಎಲ್ಲ ಬರೆಸಿಕೊಳ್ಳಿ. ಯುಪಿವಿಸಿ ಒಳಗೆ ಉಕ್ಕಿನ ಪಟ್ಟಿ ಇರಬೇಕು. ಇದೆಯಾ ಅಂತ ನೋಡೋಕೆ ಒಂದು ಒಳ್ಳೆ ಅಯಸ್ಕಾಂತ ಹಚ್ಚಿ ನೋಡಿ, ಒಳಗೆ ಉಕ್ಕಿದ್ದರೆ ಎಳೆಯುತ್ತದೆ. ನೆಲದ ತನಕ ಗಾಜು ಬರುವ ಕಿಟಕಿಗೆ, ಅದರಲ್ಲೂ ಮಕ್ಕಳಿರುವ ಮನೆಗೆ, ಟಫನ್ಡ್ ಗಾಜೇ ಬೇಕು. ಸಾದಾ ಗಾಜು ಒಡೆದರೆ ಚಾಕುವಿನಂಥ ಚೂರು, ಇದು ಒಡೆದರೆ ಕಲ್ಲುಸಕ್ಕರೆಯಂಥ ಹರಳು. ಆದರೆ ಟಫನ್ಡ್ ಗಾಜನ್ನು ಆಮೇಲೆ ಕೊಯ್ಯಲು ಬರುವುದಿಲ್ಲ. ಅಳತೆ ತಪ್ಪಿದರೆ ಹೊಸ ಗಾಜೇ ತರಿಸಬೇಕು. ಹಳೇ ಮನೆಗಳ ಗೋಡೆ ಎಲ್ಲ ಕಡೆ ಒಂದೇ ಅಳತೆ ಇರುವುದಿಲ್ಲ. ಅದಕ್ಕೇ ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಮೂಲೆಯಿಂದ ಮೂಲೆಗೆ ಎರಡು ಸಲ ಟೇಪ್ ಹಿಡಿಯುತ್ತೇನೆ. ಅಗಲ, ಎತ್ತರ ಎರಡರಲ್ಲೂ ಸಣ್ಣ ಅಳತೆಯೇ ಲೆಕ್ಕಕ್ಕೆ.

ಸರಳಿನ ವಿಷಯ ಬಹಳ ಮಂದಿ ಮರೆಯುತ್ತಾರೆ. ಹಳೇ ಕಿಟಕಿಯಲ್ಲಿ ಸರಳು ಕಟ್ಟಿಗೆಯ ಚೌಕಟ್ಟಿಗೇ ಕೂರಿಸಿರುತ್ತದೆ. ಚೌಕಟ್ಟು ತೆಗೆದರೆ ಅದೂ ಹೋಯಿತು. ಹೊಸ ಗ್ರಿಲ್ ಖರ್ಚು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಮಲಗುವ ಕೋಣೆಗಳಲ್ಲಿ ಒಂದಾದರೂ ಗ್ರಿಲ್ ಒಳಗಿಂದ ತೆರೆಯುವಂತೆ ಮಾಡಿಸಿ. ಬೆಂಕಿ ಬಿದ್ದರೆ ಹೊರಬರಲು ದಾರಿ ಬೇಕಲ್ವಾ.

ಈಗ ನಾವು ಯಾವ ಮನೆಯ ಕೆಲಸ ಮುಗಿಸಿದರೂ ಹೊರಡುವ ಮೊದಲು ಮನೆಯವರಿಂದ ಒಂದು ತಂಬಿಗೆ ನೀರು ಇಸಿದುಕೊಳ್ಳುತ್ತೇವೆ. ಟ್ರ್ಯಾಕಿಗೆ ನಿಧಾನ ಸುರಿಯುತ್ತೇವೆ. ಮನೆಯವರು ಹೊರಗೆ ನಿಂತು, ನೀರು ತೂತಿನಿಂದ ಬಂತು ಅಂತ ಹೇಳಬೇಕು. ಆಮೇಲೆ ಕೆಳಗಿನ ಕಲ್ಲಿನ ಮೇಲೂ ಅಷ್ಟು. ಅದು ಹೊರಗೇ ಓಡಬೇಕು. ನಮ್ಮ ಹುಡುಗರು ಇದನ್ನು ನಾನು ಇಲ್ಲದಿದ್ದರೂ ಮಾಡುತ್ತಾರೆ. ಆ ದಿನ ಸಿಲಿಕಾನ್ ಗೆರೆ ಎಳೆದ ಹುಡುಗ ಈಗ ನಮ್ಮ ಮುಖ್ಯ ಫಿಟ್ಟರ್.

ಟಿಳಕವಾಡಿಯ ಅಮ್ಮನೂ ಪ್ರತಿ ವರ್ಷ ಮಿರಗಕ್ಕೆ ಮೊದಲು ತಂಬಿಗೆ ಹಿಡಿದು ಕಿಟಕಿಗಳ ಹತ್ತಿರ ಹೋಗುತ್ತಾರೆ. ಈ ಸಲ ಫೋನ್ ಮಾಡಿದ್ದರು. "ಮೂರೂ ನೀರ ಬಿಟ್ಟಾವ ತಮ್ಮಾ. ಅಡಿಗಿ ಮನಿ ಹತ್ರದ ಒಂದು ತೂತಿನ್ಯಾಗ ಕಣಜ ಮಣ್ಣ ತುಂಬಿತ್ತು. ಊದಿನಕಡ್ಡಿಲೇ ತಗದೀನಿ."