1988 ಅನ್ನು 1966 ಮಾಡಿದ ರಾತ್ರಿ

ಪತ್ರಿಕೆಯ ಡೆಸ್ಕ್‌ನಲ್ಲಿ, ಬಂದ ಸುದ್ದಿ ತಿದ್ದುತ್ತಾ, ಹನ್ನೊಂದು ವರ್ಷ ಕಳೆದೆ. ಸೆಪ್ಟೆಂಬರ್ 7 ಬಂದರೆ ಮಾತ್ರ ಒಂದು ತಪ್ಪು ಈಗಲೂ ಚುಚ್ಚುತ್ತದೆ.

ಅವತ್ತು ಮಡಿಕೇರಿ ವರದಿಗಾರರು ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಬಗ್ಗೆ ಕಾಪಿ, ಅಂದರೆ ವರದಿ, ಕಳಿಸಿದ್ದರು. 1965ರ ಯುದ್ಧದಲ್ಲಿ, ಸೆಪ್ಟೆಂಬರ್ 7ರ ಬೆಳಗ್ಗೆ, ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ನಮ್ಮ ಮಿಸ್ಟೇರ್ ಯುದ್ಧವಿಮಾನಗಳು ಹೊರಟವು. ದೇವಯ್ಯ ಅವರದು ಸ್ಟ್ಯಾಂಡ್‌ಬೈ. ಯಾರಾದರೂ ಹಿಂದೆ ಉಳಿದರೆ ಮಾತ್ರ ಹೋಗಬೇಕಿತ್ತು. ಹೋದರು, ವಾಪಸ್ ಬರಲಿಲ್ಲ.

ದೂರದ ಊರುಗಳಿಗೆ ಮೊದಲೇ ಹೋಗುವ ಡಾಕ್ ಆವೃತ್ತಿಯ ಪುಟ ಬಿಡಲು ಎಂಟು ನಿಮಿಷ ಇತ್ತು. ಕೊನೇ ಗಳಿಗೆಯಲ್ಲಿ ಜಾಹೀರಾತು ಬಂದು ಅರ್ಧ ಕಾಲಂ ಹೋಯಿತು. ಚೀಫ್ ಸಬ್ (ಮುಖ್ಯ ಉಪಸಂಪಾದಕರು) ಎರಡು ಸಲ ಕೂಗಿದರು. ಕೆಳಗಿನ ಎರಡು ಪ್ಯಾರಾ ಓದದೆಯೇ ಕತ್ತರಿಸಿದೆ. ಆಮೇಲೆ ಕಣ್ಣಿಗೆ ಬಿದ್ದದ್ದು ‘1988ರಲ್ಲಿ ಮರಣೋತ್ತರ ಮಹಾವೀರ ಚಕ್ರ’ ಅನ್ನುವ ಸಾಲು. ಯುದ್ಧ ಮುಗಿದು 23 ವರ್ಷಕ್ಕೆ ಪದಕವಾ? ಟೈಪಿಂಗ್ ತಪ್ಪು ಅಂದುಕೊಂಡೆ. ವರದಿಗಾರರ ನಂಬರ್ ಫೋನಿನಲ್ಲೇ ಇತ್ತು, ಒಂದು ನಿಮಿಷದ ಮಾತು, ಆದರೂ ಮಾಡಲಿಲ್ಲ. 1966 ಅಂತ ತಿದ್ದಿ ಪುಟ ಬಿಟ್ಟೆ.

ಬೆಳಗ್ಗೆ ಕೊಡಗಿನಿಂದ ಹಿರಿಯರೊಬ್ಬರ ಫೋನ್. ದನಿ ಏರಿಸಲಿಲ್ಲ. “ಆ ಇಪ್ಪತ್ಮೂರು ವರ್ಷ ಎಲ್ಲಿಗೆ ಹೋಯಿತು ಸರ್?” ಅಂದರು.

ಕತ್ತರಿಸಿದ ಪ್ಯಾರಾಗಳನ್ನು ಆಗ ತೆಗೆದು ಓದಿದೆ. ಅಟ್ಟಿಸಿಕೊಂಡು ಬಂದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ದೇವಯ್ಯ ಅವರ ಮಿಸ್ಟೇರ್‌ಗಿಂತ ಎಷ್ಟೋ ವೇಗದ್ದು. ಏಟು ತಿಂದ ತಮ್ಮ ವಿಮಾನದಲ್ಲೇ ತಿರುಗಿ ಕಾದಾಡಿ ದೇವಯ್ಯ ಅದನ್ನು ಕೆಡವಿದ್ದರು. ಅದನ್ನು ಕಂಡು ಹೇಳಲು ನಮ್ಮವರು ಯಾರೂ ಅಲ್ಲಿರಲಿಲ್ಲ. ಬ್ರಿಟಿಷ್ ಲೇಖಕರೊಬ್ಬರು 1979ರಲ್ಲಿ ಪಾಕಿಸ್ತಾನದ ಕಡೆಯ ಕಥೆ ಬರೆದ ಮೇಲೆಯೇ ಇಲ್ಲಿ ಗೊತ್ತಾಗಿದ್ದು. ಪದಕಕ್ಕೆ ಮತ್ತೂ ಒಂಬತ್ತು ವರ್ಷ. ಸುದ್ದಿಯ ಜೀವವೇ ಆ ತಡ ಅಲ್ವಾ? ನಾನು ಅದನ್ನೇ ಅಳಿಸಿದ್ದೆ, ಅದೂ ವರದಿಗಾರರ ಹೆಸರಿನ (ಬೈಲೈನ್) ಕೆಳಗೆ.

ಪ್ರೂಫ್ ವಿಭಾಗ ಮುಚ್ಚಿ ಎಲ್ಲವನ್ನೂ ಸಬ್‌ಗಳ ತಲೆಗೆ ಕಟ್ಟಿದ್ದಾರೆ, ಇದನ್ನು ಮೀಟಿಂಗ್‌ನಲ್ಲೂ ಹೇಳಿದ್ದೇನೆ. ಆದರೆ ಈ ತಪ್ಪು ನನ್ನದೇ. ಅನುಮಾನ ಬಂದರೆ ಫೋನ್ ಮಾಡಬೇಕು, ಪುಟ ತಡವಾದರೂ ಸರಿ.

ಮರುದಿನ ಒಳಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿದೆವು. ವರದಿಗಾರರಿಗೆ ಕ್ಷಮೆ ಕೇಳಿದೆ, ಅವರು ಜಾಸ್ತಿ ಮಾತಾಡಲಿಲ್ಲ.

ಈ ವರ್ಷ ಮತ್ತೆ ಅವರ ಕಾಪಿ ಬಂತು. 1988ರ ಪಕ್ಕದಲ್ಲಿ ಕಂಸ ಹಾಕಿ ಬರೆದಿದ್ದರು: ‘ಇಸವಿ ಸರಿ ಇದೆ, ತಿದ್ದಬೇಡಿ.’